ಬರ್ಮಾದ ಉದ್ದು ಮತ್ತು ನಮ್ಮ ಮೌನ

ನವಿ ಮುಂಬಯಿಯ ವಾಶಿ ಎಪಿಎಂಸಿಯಲ್ಲಿ ಕಾಳುಕಡಿ ಮಾರುವ ದಾನಾ ಮಾರ್ಕೆಟ್‌ನಲ್ಲಿ ಯಾರಾದರೂ ‘ಲೆಮನ್ ಎಷ್ಟು?’ ಅಂತ ಕೇಳಿದರೆ ನಿಂಬೆಹಣ್ಣಿನ ಗಾಡಿ ತೋರಿಸಬೇಡಿ. ಲೆಮನ್ ಅಂದರೆ ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರಿನ, ತೊಗರಿ. ಉದ್ದಿಗೂ ಅಲ್ಲಿಂದ ಬಂದ ಎರಡು ಹೆಸರುಗಳಿವೆ, ಎಫ್‌ಎಕ್ಯೂ ಮತ್ತು ಎಸ್‌ಕ್ಯೂ. ಎಸ್‌ಕ್ಯೂ ಅಂದರೆ ಒಳ್ಳೆಯ ಕಾಳು, ದರವೂ ಒಂದು ಕೈ ಮೇಲೆ. ಯಾಂಗೂನಿನ ದರ ಫೋನಿಗೆ ಬರುವವರೆಗೆ ಇಲ್ಲಿನ ದಲಾಲರು ಬಾಯಿ ಬಿಡುವುದಿಲ್ಲ.

ನನ್ನ ಕೆಲಸ ಆಮದಿನ ಕಾಗದಪತ್ರ. ನ್ಹಾವಾ ಶೇವಾ ಬಂದರಿಗೆ ಬರುವ ಬೇಳೆಕಾಳಿನ ಕಂಟೇನರುಗಳ ಬಿಲ್ ಆಫ್ ಲೇಡಿಂಗ್ (ಹಡಗಿಗೆ ಹಾಕಿದ ಮಾಲಿನ ರಸೀದಿ), ಇನ್‌ವಾಯ್ಸ್, ಎಲ್‌ಸಿ (ದುಡ್ಡು ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತ್ರಿ ಪತ್ರ), ಸಸ್ಯರೋಗವಿಲ್ಲ ಅನ್ನುವ ಸರ್ಟಿಫಿಕೇಟು, ಹುಳಕ್ಕೆ ಹೊಗೆ ಹಾಕಿದ ಸರ್ಟಿಫಿಕೇಟು. ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆಯೇ ಅಂತ ನೋಡುವುದು. ಒಂದು ಅಕ್ಷರ ತಪ್ಪಿದರೂ ಬ್ಯಾಂಕು ಕಾಗದ ವಾಪಸ್ ಕಳಿಸುತ್ತದೆ, ಕಂಟೇನರು ಬಂದರಿನಲ್ಲೇ ಕೂತು ಬಾಡಿಗೆ ತಿನ್ನುತ್ತದೆ. ಮುಂಬಯಿಯ ಮಸೀದಿ ಬಂದರ್ ಪೇಟೆಯ ಒಂದು ಇಕ್ಕಟ್ಟಿನ ಕೋಣೆಯಲ್ಲಿ ಕೆಲಸ ಶುರು ಮಾಡಿದವನು ನಾನು. ಈಗ ವಾಶಿಯಲ್ಲಿ ಅಷ್ಟೇ ಇಕ್ಕಟ್ಟಿನ ಕೋಣೆಯಲ್ಲಿದ್ದೇನೆ.

ಮಾಟುಂಗಾದಲ್ಲಿ ಹೋಟೆಲು ನಡೆಸುವ ನಮ್ಮೂರ ಕಡೆಯವರೊಬ್ಬರು ಮೊನ್ನೆ ಕಾಫಿ ಮುಂದಿಟ್ಟು ಕೇಳಿದರು. ಅವರ ಮಗಳು ಕಾನೂನು ಓದುತ್ತಿದ್ದಾಳೆ. ‘ಅಪ್ಪ, ನಿಮ್ಮ ವಡೆಯ ಉದ್ದು ಬರ್ಮಾದ್ದು. ಅಲ್ಲಿ ಸೈನ್ಯ ಜನರನ್ನು ಕೊಲ್ಲುತ್ತಿದೆ. ನೀವು ಅವರಿಗೆ ದುಡ್ಡು ಕೊಡುತ್ತಿದ್ದೀರಿ’ ಅಂದಳಂತೆ. ‘ಬರ್ಮಾ ಉದ್ದು ಬಿಟ್ಟುಬಿಡಬೇಕಾ? ನೀವೇ ಹೇಳಿ. ಆ ಉದ್ದು ಒದಗಿದ ಹಾಗೆ ಬೇರೆಯದು ಒದಗುವುದಿಲ್ಲ.’

ಅಂದು ಏನೋ ಹೇಳಿ ಜಾರಿಕೊಂಡೆ. ಆಮೇಲೆ ಕೂತು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹುಡುಗಿ ಹೇಳಿದ್ದು ಎಷ್ಟು ನಿಜ ಅಂತ ನೋಡೋಣ. 2021ರ ಫೆಬ್ರುವರಿ 1ರಂದು ಮ್ಯಾನ್ಮಾರಿನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಬೀದಿಗಿಳಿದ ಜನರ ಮೇಲೆ ಗುಂಡು ಹಾರಿಸಿತು. ಆ ವರ್ಷ ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಖಂಡಿಸುವ ನಿರ್ಣಯ ಮಾಡಿತು. 119 ದೇಶಗಳು ಪರ, ಬೆಲಾರೂಸ್ ಒಂದೇ ವಿರೋಧ, 36 ದೇಶಗಳು ತಟಸ್ಥ. ಆ 36ರಲ್ಲಿ ನಾವೂ ಇದ್ದೆವು. ಅದೇ ತಿಂಗಳು ನನ್ನ ಮೇಜಿಗೆ ಇನ್ನೊಂದು ಕಾಗದ ಬಂತು. ಐದು ವರ್ಷ, ಪ್ರತಿ ವರ್ಷ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿಯನ್ನು ಖಾಸಗಿ ವ್ಯಾಪಾರಿಗಳ ಮೂಲಕ ಮ್ಯಾನ್ಮಾರಿನಿಂದ ತರಿಸುವ ಒಪ್ಪಂದದ ಸೂಚನೆ ಅದು. ಮಾರ್ಕೆಟ್‌ನಲ್ಲಿ ಎಲ್ಲರಿಗೂ ಖುಷಿ. ನನಗೂ ಖುಷಿಯೇ. ಸುಳ್ಳು ಯಾಕೆ ಹೇಳಲಿ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾರಿಗಾದರೂ ಅನ್ನಿಸುವುದು ಒಂದೇ: ಬೇಳೆಗಾಗಿ ಬಾಯಿ ಮುಚ್ಚಿಕೊಂಡೆವು. ಟಿವಿಯಲ್ಲಿ ಮಾತಾಡುವವರೂ ಹೀಗೆಯೇ ಹೇಳುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ವ್ಯಾಪಾರ, ಇನ್ನೊಂದರಲ್ಲಿ ಮಾನವ ಹಕ್ಕು, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಅಂತ. ಕಾಗದ ನೋಡುವವನಿಗೆ ಈ ತಕ್ಕಡಿಯೇ ಅನುಮಾನ.

ಯಾಕೆಂದರೆ ಬೇಳೆ ವ್ಯಾಪಾರದಲ್ಲಿ ಕೈ ಮೇಲಿರುವುದು ನಮ್ಮದು. ಉದ್ದು, ತೊಗರಿಯನ್ನು ಬರ್ಮಾದವರು ಹೆಚ್ಚು ತಿನ್ನುವುದಿಲ್ಲ. ಬಾಗೋ ಮತ್ತು ಇರವಾಡಿ ಕಡೆ ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉದ್ದು ಹಾಕುತ್ತಾರೆ. ತೊಗರಿ ನಡುನಾಡಿನ ಒಣ ಸೀಮೆಯಲ್ಲಿ, ಸಗೈಂಗ್, ಮಾಗ್ವೆ, ಮಂಡಲೆ ಕಡೆ ಬೆಳೆಯುತ್ತದೆ. ಹೀಗೆ ಬೆಳೆಯುವುದು ನಮಗಾಗಿಯೇ. ನಾವು ಕೊಳ್ಳದಿದ್ದರೆ ಅಷ್ಟು ಮಾಲು ಹೋಗುವುದಕ್ಕೆ ಬೇರೆ ಜಾಗವಿಲ್ಲ. ನಾವು ನಾಲ್ಕು ಕಟು ಮಾತು ಆಡಿದರೆ ಸಿಟ್ಟಿನಲ್ಲಿ ಅವರು ಉದ್ದು ಕೊಡುವುದಿಲ್ಲ ಅಂತ ನಂಬುವವರು ದಾನಾ ಮಾರ್ಕೆಟ್‌ನಲ್ಲಿ ಒಬ್ಬರೂ ಸಿಗುವುದಿಲ್ಲ. ದಿಲ್ಲಿಯ ಮೌನಕ್ಕೆ ಬೇರೆ ಕಾರಣಗಳಿವೆ. 1,643 ಕಿಲೋಮೀಟರ್ ಗಡಿ, ಈಶಾನ್ಯದ ಬಂಡುಕೋರರು, ಪಕ್ಕದಲ್ಲೇ ಕಾದು ಕೂತಿರುವ ಚೀನಾ. ಅವೆಲ್ಲ ದೊಡ್ಡ ಕಾರಣಗಳೇ, ತಳ್ಳಿ ಹಾಕುವಂಥವಲ್ಲ. ಆದರೆ ಉದ್ದಿನ ಮೇಲೆ ಹಾಕಬೇಡಿ.

ಕೊಳ್ಳುವುದನ್ನು ನಿಲ್ಲಿಸಿದರೆ ಏನಾಗುತ್ತದೆ? ಇದನ್ನು ಊಹಿಸಬೇಕಾಗಿಲ್ಲ. ಒಮ್ಮೆ ನೋಡಿದ್ದೇವೆ.

2017ರ ಆಗಸ್ಟ್. ಆ ವರ್ಷ ಕಲಬುರಗಿ ಕಡೆ ತೊಗರಿ ಬೆಲೆ ನೆಲ ಕಚ್ಚಿತ್ತು. ನಮ್ಮ ರೈತರನ್ನು ಉಳಿಸಬೇಕು ಅಂತ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಅದೇ ತಿಂಗಳು ಉದ್ದು ಮತ್ತು ಹೆಸರಿಗೆ ಸೇರಿಸಿ 3 ಲಕ್ಷ ಟನ್. ಹಡಗು ಹತ್ತಿದ ಮಾಲಿನ ಗತಿ ಏನು ಅಂತ ನನ್ನ ಫೋನು ರಾತ್ರಿಯೆಲ್ಲ ಬಡಿದುಕೊಳ್ಳುತ್ತಿತ್ತು. ಬರ್ಮಾದಲ್ಲಿ ಕಾಳಿನ ಬೆಲೆ ಕುಸಿಯಿತು. ಅದೇ ಆಗಸ್ಟ್ 25ರಿಂದ ರಖೈನ್‌ನಲ್ಲಿ ರೋಹಿಂಗ್ಯಾರ ಮೇಲೆ ಸೈನ್ಯ ಬಿದ್ದಿತು. 7 ಲಕ್ಷಕ್ಕೂ ಜಾಸ್ತಿ ಜನ ಬಾಂಗ್ಲಾದೇಶಕ್ಕೆ ಓಡಿದರು.

ಎರಡಕ್ಕೂ ಸಂಬಂಧವಿಲ್ಲ. ಆದರೆ ಒಂದೇ ತಿಂಗಳಲ್ಲಿ ಆದ ಈ ಎರಡು ಸಂಗತಿಗಳಿಂದ ನಾನು ಕಲಿತದ್ದು ಜಾಸ್ತಿ. ಮನಸ್ಸು ಮಾಡಿದರೆ ನಾವು ರಾತ್ರೋರಾತ್ರಿ ಕೊಳ್ಳುವುದಕ್ಕೆ ಕಡಿವಾಣ ಹಾಕಬಲ್ಲೆವು, ಹಾಕಿದ್ದೆವು. ಹಾಗಾಗಿ ‘ವ್ಯಾಪಾರ ಸಂಬಂಧ ಮುಟ್ಟುವ ಹಾಗಿಲ್ಲ’ ಅನ್ನುವ ಮಾತು ಸುಳ್ಳು. ಹಾಗೆ ಮಾಡಿದಾಗ ನರಳಿದ್ದು ಗದ್ದೆಯ ರೈತನೇ ಹೊರತು ಜನರಲ್‌ಗಳ ಒಂದು ಕೂದಲೂ ಕೊಂಕಲಿಲ್ಲ. ಸಗೈಂಗ್‌ನಲ್ಲಿ ಇವತ್ತು ಸೈನ್ಯ ಹಳ್ಳಿಗಳನ್ನು ಸುಡುತ್ತಿದೆ. ಆ ಹಳ್ಳಿಯವನ ತೊಗರಿಯನ್ನೂ ನಾವು ಬೇಡ ಅಂದರೆ ಅವನಿಗೆ ಎರಡು ಕಡೆಯಿಂದ ಪೆಟ್ಟು.

ಹಾಗಾದರೆ ಸೈನ್ಯಕ್ಕೆ ದುಡ್ಡು ಹೋಗುವುದೇ ಇಲ್ಲವೇ? ಹೋಗುತ್ತದೆ. ಮೂಟೆಯಲ್ಲಲ್ಲ, ವಿನಿಮಯ ದರದಲ್ಲಿ. ಇದು ಸ್ವಲ್ಪ ನಿಧಾನವಾಗಿ ಹೇಳಬೇಕಾದ ವಿಷಯ.

2022ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಒಂದು ನಿಯಮ ತಂದಿತು. ಹೊರಗಿಂದ ಬಂದ ಡಾಲರನ್ನು ಸರ್ಕಾರ ಹೇಳಿದ ದರಕ್ಕೆ ಅಲ್ಲಿನ ನಾಣ್ಯವಾದ ಕ್ಯಾಟ್‌ಗೆ ಬದಲಾಯಿಸಬೇಕು. ಆ ದರ ಡಾಲರಿಗೆ 2,100 ಕ್ಯಾಟ್. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ತುಂಬ ಜಾಸ್ತಿ ಸಿಗುತ್ತಿತ್ತು. ರಫ್ತುದಾರ ಎಷ್ಟು ಪಾಲು ಬದಲಾಯಿಸಬೇಕು ಅನ್ನುವುದನ್ನು ಆಮೇಲೆ ಹಂತ ಹಂತವಾಗಿ ಇಳಿಸುತ್ತಾ ಬಂದರು, ಆದರೆ ತತ್ವ ಅದೇ. ಎರಡು ದರಗಳ ನಡುವಿನ ವ್ಯತ್ಯಾಸ ಇದೆಯಲ್ಲ, ಅದು ಯಾವ ರಸೀದಿಯಲ್ಲೂ ಕಾಣದ ತೆರಿಗೆ. ಆ ಹೊರೆ ಕೊನೆಗೆ ಇಳಿಯುವುದು ರೈತನಿಗೆ ಕೊಡುವ ಬೆಲೆಯ ಮೇಲೆ. ಹೀಗೆ ಅಗ್ಗಕ್ಕೆ ಸಿಕ್ಕ ಡಾಲರು ಸರ್ಕಾರದ ಕೈಗೆ. ಅಲ್ಲಿ ಸರ್ಕಾರ ಅಂದರೆ ಸೈನ್ಯ.

ಅಲ್ಲಿನ ಎರಡು ಸರ್ಕಾರಿ ಬ್ಯಾಂಕುಗಳ ಮೇಲೆ ಅಮೆರಿಕ 2023ರ ಜೂನ್‌ನಲ್ಲಿ ನಿರ್ಬಂಧ ಹಾಕಿದ್ದು ಇದೇ ಕಾರಣಕ್ಕೆ. ಒಂದು ಮ್ಯಾನ್ಮಾ ಫಾರಿನ್ ಟ್ರೇಡ್ ಬ್ಯಾಂಕ್, ಇನ್ನೊಂದು ಮ್ಯಾನ್ಮಾ ಇನ್ವೆಸ್ಟ್‌ಮೆಂಟ್ ಅಂಡ್ ಕಮರ್ಷಿಯಲ್ ಬ್ಯಾಂಕ್. ಆ ಹೆಸರುಗಳು ಎಲ್ಲಾದರೂ ಕಂಡರೆ ಇಲ್ಲಿನ ಬ್ಯಾಂಕಿನವರು ಬೆಂಕಿ ಮುಟ್ಟಿದ ಹಾಗೆ ಕೈ ಹಿಂದೆಗೆಯುತ್ತಾರೆ. ನನ್ನ ಒಬ್ಬ ಗಿರಾಕಿಯ ಕಾಗದಗಳನ್ನು ಒಂದು ಬ್ಯಾಂಕು ಹನ್ನೊಂದು ದಿನ ಹಿಡಿದಿಟ್ಟುಕೊಂಡಿತ್ತು. ಕಾರಣ ಕೇಳಿದರೆ ‘ಬರ್ಮಾ ಸಾರ್’ ಅಂತಷ್ಟೇ ಉತ್ತರ. ಮಾಲು ಖಾಸಗಿ, ಬ್ಯಾಂಕೂ ಖಾಸಗಿ, ನಿರ್ಬಂಧದ ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ. ಓದಿ ನೋಡುವ ತಾಳ್ಮೆ ಇಲ್ಲದವರು ಇಡೀ ದೇಶವನ್ನೇ ಪಟ್ಟಿಗೆ ಸೇರಿಸಿಬಿಡುತ್ತಾರೆ. ಅದು ನೈತಿಕತೆ ಅಲ್ಲ, ಸೋಮಾರಿತನ.

2024ರಲ್ಲಿ ರೂಪಾಯಿ–ಕ್ಯಾಟ್ ನೇರ ಪಾವತಿ ಶುರುವಾಯಿತು. ನಮ್ಮ ವ್ಯಾಪಾರಿಗೆ ಡಾಲರ್ ತಲೆನೋವು ಕಡಿಮೆಯಾಯಿತು, ಒಳ್ಳೆಯದೇ. ಆದರೆ ಅಲ್ಲಿ ರೈತನಿಗೆ ತಲುಪುವ ಕ್ಯಾಟ್ ಯಾವ ದರದಲ್ಲಿ ಲೆಕ್ಕ ಹಾಕಿದ್ದು? ನನ್ನ ಪ್ರಕಾರ ದಿಲ್ಲಿ ಮಾತಾಡಬೇಕಾದ ಜಾಗ ಇದು. ನಿರ್ಣಯ, ಖಂಡನೆ ಎಲ್ಲ ಇರಲಿ. ‘ನಿಮ್ಮ ಕಾಳು ಕೊಳ್ಳುವವರು ನಾವು, ರೈತನಿಗೆ ಮಾರುಕಟ್ಟೆ ದರ ಸಿಗಲಿ’ ಅಂತ ದೊಡ್ಡ ಗಿರಾಕಿ ಕೇಳುವುದರಲ್ಲಿ ತಪ್ಪೇನಿದೆ? ಇದನ್ನು ಕೇಳಲು ರಾಯಭಾರಿಯೇ ಆಗಬೇಕಿಲ್ಲ. ಮಾರ್ಕೆಟ್‌ನ ಸಣ್ಣ ವ್ಯಾಪಾರಿಯೂ ತನ್ನ ಸರಬರಾಜುದಾರನನ್ನು ಹೀಗೆಯೇ ಕೇಳುತ್ತಾನೆ.

ಇನ್ನು ಉದ್ದಿಗಿಂತ ನೂರು ಪಾಲು ಭಾರದ ವಿಷಯ ಒಂದಿದೆ. 2023ರ ಮೇನಲ್ಲಿ ಮ್ಯಾನ್ಮಾರಿನ ಮಾನವ ಹಕ್ಕುಗಳ ಸ್ಥಿತಿ ನೋಡುವ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ಲೆಕ್ಕ ಹೊರಗಿಟ್ಟರು. ಸೈನ್ಯ ಅಧಿಕಾರ ಹಿಡಿದ ಮೇಲೆ ಅದಕ್ಕೆ ಶಸ್ತ್ರ ಮತ್ತು ಅದರ ಬಿಡಿಭಾಗ, ಕಚ್ಚಾ ಮಾಲು ಎಲ್ಲಿಂದ ಹೋಯಿತು ಅನ್ನುವ ಲೆಕ್ಕ. ರಷ್ಯಾ ಮೊದಲು, ಆಮೇಲೆ ಚೀನಾ. ಸಿಂಗಾಪುರದಿಂದ 25.4 ಕೋಟಿ ಡಾಲರ್‌ನಷ್ಟು. ಭಾರತದಿಂದ 5.1 ಕೋಟಿ ಡಾಲರ್. ನಮ್ಮ ಪಾಲಿನಲ್ಲಿ ಸರ್ಕಾರಿ ಕಂಪನಿಗಳೂ ಇದ್ದವು.

ವರದಿ ಬಂದ ಮೇಲೆ ಸಿಂಗಾಪುರ ತನಿಖೆಗಿಳಿಯಿತು. ಮರುವರ್ಷದ ವರದಿಯ ಹೊತ್ತಿಗೆ ಅಲ್ಲಿಂದ ಹೋಗುವ ಆ ಬಗೆಯ ಮಾಲು ನೂರಕ್ಕೆ 90ರಷ್ಟು ಇಳಿದಿತ್ತು. ಸಿಂಗಾಪುರ ಬರ್ಮಾದ ಜೊತೆ ವ್ಯಾಪಾರ ಬಿಟ್ಟಿತೇ? ಇಲ್ಲ. ನನ್ನ ಮೇಜಿನ ಮೇಲಿನ ಬರ್ಮಾ ಇನ್‌ವಾಯ್ಸುಗಳಲ್ಲಿ ಎಷ್ಟೋ ಇವತ್ತಿಗೂ ಸಿಂಗಾಪುರದ ಕಂಪನಿಗಳದ್ದೇ. ಕಾಳು ಯಾಂಗೂನಿನದು, ಬಿಲ್ಲು ಸಿಂಗಾಪುರದ್ದು. ಅವರು ಕಾಳನ್ನು ಬಿಡಲಿಲ್ಲ, ಬಂದೂಕಿನ ಭಾಗಗಳನ್ನು ತಡೆದರು. ವ್ಯಾಪಾರವೇ ಉಸಿರಾದ ಪುಟ್ಟ ಊರು ಮಾಡಿದ್ದನ್ನು ನಾವು ಮಾಡಲಾರೆವೇ?

ಮಾತಾಡಿದರೆ ಬೆಲೆ ತೆರಬೇಕಾಗುತ್ತದೆ ಅನ್ನುವವರಿಗೆ ಒಂದು ಉತ್ತಮ ಉದಾಹರಣೆ ಇದೆ. ಆದರೆ ಅದರಲ್ಲಿ ಬೆಲೆ ತೆತ್ತವರು ನಾವಲ್ಲ, ತೆರಿಸಿದವರು ನಾವು. 2019ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದ ಪ್ರಧಾನಿ ಮಹತೀರ್ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಕಟುವಾಗಿ ಮಾತಾಡಿದರು. ಅವರು ಹೇಳಿದ್ದು ಸರಿಯೋ ತಪ್ಪೋ, ಆ ಜಗಳಕ್ಕೆ ನಾನು ಬರುವುದಿಲ್ಲ. ನಾನು ನೋಡಿದ್ದು ಎಣ್ಣೆಯ ಕಾಗದಗಳನ್ನು. ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲೇ ಕಚೇರಿ ಇರುವ ಸಾಲ್ವೆಂಟ್ ಎಕ್ಸ್‌ಟ್ರಾಕ್ಟರ್ಸ್ ಅಸೋಸಿಯೇಷನ್ ಅನ್ನುವ ಅಡುಗೆ ಎಣ್ಣೆ ಉದ್ಯಮದವರ ಸಂಘ, ಮಲೇಷ್ಯಾದ ತಾಳೆಎಣ್ಣೆ ಸದ್ಯಕ್ಕೆ ಬೇಡ ಅಂತ ತನ್ನ ಸದಸ್ಯರಿಗೆ ಹೇಳಿತು. 2020ರ ಜನವರಿ 8ರಂದು ಸರ್ಕಾರ ಶುದ್ಧೀಕರಿಸಿದ ತಾಳೆಎಣ್ಣೆಯನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. ಯಾವ ದೇಶದ ಹೆಸರೂ ಅದರಲ್ಲಿರಲಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ. ಹೋಟೆಲಿನವರ ಡಬ್ಬಿಗೆ ಇಂಡೋನೇಷ್ಯಾದ ಎಣ್ಣೆ ಬಂತು, ಪೂರಿ ಉಬ್ಬುವುದು ನಿಲ್ಲಲಿಲ್ಲ. ‘ತಿರುಗಿ ಹೊಡೆಯಲು ನಾವು ತುಂಬ ಚಿಕ್ಕವರು’ ಅಂತ ಮಹತೀರ್ ಅವರೇ ಹೇಳಿದರು. ಫೆಬ್ರುವರಿಯಲ್ಲಿ ಅವರ ಸರ್ಕಾರ ಬಿತ್ತು, ಅದು ಅವರ ಮನೆ ಜಗಳದಿಂದ. ಮೇ ಹೊತ್ತಿಗೆ ಖರೀದಿ ಮತ್ತೆ ಶುರು. ಮಲೇಷ್ಯಾ ನಮ್ಮಿಂದ 1 ಲಕ್ಷ ಟನ್ ಅಕ್ಕಿ ಕೊಳ್ಳಲು ಒಪ್ಪಿಕೊಂಡಿತು.

ನಮಗೆ ಬೇಸರವಾದರೆ ನಾಲ್ಕು ತಿಂಗಳಲ್ಲಿ ಒಂದು ದೇಶಕ್ಕೆ ಬಿಸಿ ಮುಟ್ಟಿಸಬಲ್ಲೆವು ಅಂತಾಯಿತು. ಅಂದಮೇಲೆ ಬೇರೆಯವರ ನೋವಿನ ವಿಷಯ ಬಂದಾಗ ಮಾತ್ರ ‘ಅಯ್ಯೋ, ವ್ಯಾಪಾರ ಕೆಡುತ್ತೆ’ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಿಂದೆ ನಾವು ಹೀಗಿರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಅರ್ಧ ನಿಜ. 1946ರಲ್ಲಿ, ಇನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ, ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಕಡಿದುಕೊಂಡ ಮೊದಲ ದೇಶ ನಮ್ಮದು. ಅಲ್ಲಿನ ಭಾರತೀಯರ ಭೂಮಿಯ ಹಕ್ಕು ಕಸಿಯುವ ಕಾಯ್ದೆ ಅದಕ್ಕೆ ಕಾರಣ. ಬಡ ದೇಶಕ್ಕೆ ಅದು ಸಣ್ಣ ತ್ಯಾಗವಲ್ಲ. ಸಂಬಂಧ ಪೂರ್ತಿ ಸರಿಹೋಗಿದ್ದು 1993ರಲ್ಲಿ. ಆದರೆ ಆ ನಡುವೆ ಲಂಡನ್ನಿನಿಂದ ಮುಂಬಯಿಗೆ ಕಚ್ಚಾ ವಜ್ರ ಬರುತ್ತಲೇ ಇತ್ತು. ಲಂಡನ್ನಿನಲ್ಲಿ ಬೇರೆ ಬೇರೆ ಗಣಿಗಳ ಕಲ್ಲುಗಳನ್ನು ಬೆರೆಸಿ ಪೊಟ್ಟಣ ಕಟ್ಟುತ್ತಿದ್ದರು. ಯಾವ ಕಲ್ಲು ದಕ್ಷಿಣ ಆಫ್ರಿಕಾದ ಕಿಂಬರ್ಲಿ ಗಣಿಯದು ಅಂತ ಯಾರು ಹೇಳಬೇಕು? ಆದರೂ ಆ ನಿಷೇಧ ವ್ಯರ್ಥವಾಯಿತು ಅಂತ ನಾನು ಹೇಳಲಾರೆ. ಉಳಿದ ದೇಶಗಳು ಅದೇ ದಾರಿಗೆ ಬರಲು ದಶಕಗಳು ಬೇಕಾದವು, ಬಂದವು.

ಈಗ ಜಗತ್ತು ಇನ್ನೊಂದು ದಾರಿ ಹಿಡಿದಿದೆ. ಚೀನಾದ ಶಿಂಜಿಯಾಂಗ್‌ನಲ್ಲಿ ಬಲವಂತದ ದುಡಿಮೆಯಿಂದ ಆದ ಮಾಲು ಬರಬಾರದು ಅಂತ ಅಮೆರಿಕದ ಕಾನೂನು 2022ರ ಜೂನ್ 21ರಿಂದ ಜಾರಿಯಲ್ಲಿದೆ. ಅದರ ಮರ್ಮ ಇಷ್ಟೇ: ತಪ್ಪು ಮಾಡಿಲ್ಲ ಅಂತ ತೋರಿಸುವ ಹೊಣೆ ವ್ಯಾಪಾರಿಯದು. ಇಚಲಕರಂಜಿಯಲ್ಲಿ ಬಟ್ಟೆ ನೇಯಿಸುವ ನನ್ನ ಪರಿಚಯದವರು ಹತ್ತಿಯ ಬೇಲು ಯಾವ ಜಿನ್ನಿಂಗ್ ಮಿಲ್ಲಿನದು ಅನ್ನುವವರೆಗೆ ಕಾಗದ ಇಡುತ್ತಿದ್ದಾರೆ. ಬೈದುಕೊಳ್ಳುತ್ತಾ ಇಡುತ್ತಾರೆ, ಆದರೆ ಇಡುತ್ತಾರೆ. ನಮ್ಮಲ್ಲಿ ಆಮದಿಗೆ ಅಂಥ ಕಾನೂನಿಲ್ಲ. ಉದ್ದಿನ ಮೂಟೆಗೆ ಹುಳ ಇದೆಯೇ ಅಂತ ಕೇಳುತ್ತೇವೆ, ಅಷ್ಟೇ.

ಹೋದ ಶನಿವಾರ ಮಾಟುಂಗಾಕ್ಕೆ ಹೋಗಿ ಇಷ್ಟನ್ನೂ ಹೇಳಿದೆ. ಮಗಳೂ ಇದ್ದಳು. ಉದ್ದು ಬಿಡಬೇಡಿ, ಆದರೆ ನಿಮ್ಮ ವ್ಯಾಪಾರಿಗೆ ಎರಡು ಪ್ರಶ್ನೆ ಕೇಳಿ ಅಂದೆ: ದುಡ್ಡು ಯಾವ ಬ್ಯಾಂಕಿಗೆ ಹೋಗುತ್ತದೆ, ಕಾಳು ಯಾವ ಸೀಮೆಯದು. ‘ಹತ್ತು ಮೂಟೆ ಕೊಳ್ಳುವವನಿಗೆ ಅವನು ಉತ್ತರ ಕೊಡ್ತಾನಾ?’ ಅಂತ ಅವರು ನಕ್ಕರು. ಮಗಳು ನಗಲಿಲ್ಲ. ಮಾಟುಂಗಾ, ವಡಾಲಾ, ಸಯನ್ನಿನ ಎಷ್ಟು ಹೋಟೆಲಿನವರು ಅದೇ ವ್ಯಾಪಾರಿಯಿಂದ ಕೊಳ್ಳುತ್ತಾರೆ ಅಂತ ಕೇಳಿದಳು. ಅಪ್ಪ ಲೆಕ್ಕ ಹಾಕತೊಡಗಿದರು. ಆಮೇಲೆ ನನ್ನ ಕಡೆ ತಿರುಗಿ, ಬ್ರೆಜಿಲ್ಲಿನ ಉದ್ದು ಬರ್ತಾ ಇದೆಯಂತಲ್ಲ, ಅದರ ಹಿಟ್ಟು ಒದಗುತ್ತಾ ಅಂತ ಕೇಳಿದರು. ಒಂದು ಮೂಟೆ ಕಳಿಸಿಕೊಡುತ್ತೇನೆ, ರುಬ್ಬಿ ನೋಡಿ ಅಂದೆ.