ಬ್ಯಾಂಕ್ ಸಾಲ ಕೊಡುತ್ತೆ ಅಂದಮಾತ್ರಕ್ಕೆ ಮನೆ ಕೊಳ್ಳಬಹುದಾ?

ಪ್ರಶ್ನೆ: ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ. ಇಷ್ಟು ವರ್ಷ ಕೂಡಿಟ್ಟಿದ್ದೆಲ್ಲ ಹಾಕಿದರೆ ಡೌನ್ ಪೇಮೆಂಟಿಗೆ ಸರಿಹೋಗುತ್ತದೆ. ಈಗಲೇ ಕೊಂಡುಬಿಡಬಹುದಾ, ಇನ್ನೂ ಕಾಯಬೇಕಾ?

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಒಂದು ಮಾತಿನ ಮೇಲೆ: "ಕೂಡಿಟ್ಟಿದ್ದೆಲ್ಲ". ಆ "ಎಲ್ಲ" ಇರುವ ತನಕ ನನ್ನ ಉತ್ತರ, ಸ್ವಲ್ಪ ತಡೆಯಿರಿ.

ಬ್ಯಾಂಕು ಒಪ್ಪಿದ್ದು ಒಳ್ಳೆಯದೇ. ಆದರೆ ಬ್ಯಾಂಕು ನೋಡುವುದು ನಿಮ್ಮ ಆದಾಯ, ಈಗಿರುವ ಸಾಲ, ಹಿಂದೆ ಕಂತು ತಪ್ಪಿಸಿದ್ದೀರಾ ಎಂಬುದನ್ನು. ಅಪ್ಪನ ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತೆ, ಮುಂದಿನ ವರ್ಷ ಮಗುವಿನ ಫೀಸು ಎಷ್ಟು ಏರುತ್ತೆ ಅನ್ನುವುದು ಅದಕ್ಕೆ ಬೇಡ. ನೀವು ಕಂತು ಕಟ್ಟದಿದ್ದರೆ ಮಾರಿಕೊಳ್ಳಲು ಅವರ ಹತ್ತಿರ ಮನೆಯ ಪತ್ರ ಇರುತ್ತದಲ್ಲ!

ಸಾಲ ಕೊಡುವವರಲ್ಲಿ 28/36 ಅಂತ ಒಂದು ಹಳೆಯ ಅಳತೆ ಇದೆ. ತೆರಿಗೆ ಹಿಡಿಯುವ ಮುಂಚಿನ ಆದಾಯದಲ್ಲಿ ಮನೆಯ ಖರ್ಚು ಶೇ. 28 ದಾಟಬಾರದು, ಎಲ್ಲ ಸಾಲಗಳ ಕಂತು ಸೇರಿ ಶೇ. 36 ದಾಟಬಾರದು ಅಂತ. ನನಗೆ ಅದೂ ಸ್ವಲ್ಪ ಧಾರಾಳವೇ. ತೆರಿಗೆಗೆ ಹೋದ ದುಡ್ಡಿನಲ್ಲಿ ಯಾರೂ ಕಂತು ಕಟ್ಟುವುದಿಲ್ಲ. ಕೈಗೆ ಬರುವ ಸಂಬಳದ ಮೇಲೆ ಲೆಕ್ಕ ಹಾಕಿ.

ಅದಕ್ಕಿಂತ ಒಳ್ಳೆಯ ಪರೀಕ್ಷೆ ನಿಮ್ಮ ಮನೆಯಲ್ಲೇ ಇದೆ. ಆರು ತಿಂಗಳು ಇಎಂಐ ತಾಲೀಮು ಮಾಡಿ. ಮುಂದೆ ಕಟ್ಟಬೇಕಾದ ಇಎಂಐಗೆ ಮನೆಯ ತೆರಿಗೆ, ನಿರ್ವಹಣೆಯ ಖರ್ಚು ಸೇರಿಸಿ. ಅದರಲ್ಲಿ ಈಗಿನ ಬಾಡಿಗೆ ಕಳೆಯಿರಿ. ಉಳಿದದ್ದನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ತಿಂಗಳ ಕೊನೆಗಲ್ಲ, ಮೊದಲ ದಿನ. ಮೊದಲ ತಿಂಗಳು ಹುರುಪಿನಲ್ಲಿ ಕಳೆದುಹೋಗುತ್ತದೆ. ಮೂರನೇ ತಿಂಗಳು ಗಾಡಿ ರಿಪೇರಿಗೆ ಬರುತ್ತದೆ, ನೆಂಟರ ಮನೆಯಲ್ಲಿ ಮದುವೆ ಇರುತ್ತದೆ. ಆಗ ಆ ಖಾತೆಗೆ ಕೈ ಹಾಕಿದಿರಾ, ಕ್ರೆಡಿಟ್ ಕಾರ್ಡ್ ಉಜ್ಜಿದಿರಾ? ನಿಮ್ಮ ಉತ್ತರ ಅಲ್ಲೇ ಇದೆ. ಕೈ ಹಾಕದೆ ಆರು ತಿಂಗಳು ದಾಟಿದರೆ ಆ ದುಡ್ಡೂ ಡೌನ್ ಪೇಮೆಂಟಿಗೆ ಸೇರುತ್ತದೆ, ನಷ್ಟವೇನಿಲ್ಲ.

ಇನ್ನು ಬಡ್ಡಿ. ಜಾಸ್ತಿ ಜನ ಮೋಸ ಹೋಗುವುದು ಇಲ್ಲಿ. ಸಾಲ 100 ಅಂತ ಇಟ್ಟುಕೊಳ್ಳಿ. ಬಡ್ಡಿ ಶೇ. 8, ಅವಧಿ 20 ವರ್ಷ. ಕೊನೆಗೆ ನೀವು ಕಟ್ಟಿರುವುದು ಸುಮಾರು 200. ಮೊದಲ ಕಂತಿನಲ್ಲಿ ಶೇ. 80ರಷ್ಟು ಬರೀ ಬಡ್ಡಿ. ಐದು ವರ್ಷ ಕಟ್ಟಿದ ಮೇಲೂ ಅಸಲು 87ರ ಮೇಲೇ ನಿಂತಿರುತ್ತದೆ. ಹಾಗಾಗಿ ಎರಡು ಮೂರು ವರ್ಷದಲ್ಲಿ ಬೇರೆ ಊರಿಗೆ ಹೋಗುವ ಅಂದಾಜಿದ್ದರೆ ಬಾಡಿಗೆ ಮನೆಯೇ ಸಾಕು. ಬಾಡಿಗೆ ದಂಡ ಅಂತ ಎಲ್ಲರೂ ಹೇಳುತ್ತಾರೆ, ಬಡ್ಡಿಯೂ ವಾಪಸ್ ಬರಲ್ಲ ಅಲ್ವಾ?

ಬಡ್ಡಿದರ ಏರಿಳಿಯುವ ಸಾಲವಾದರೆ ಇನ್ನೊಂದು ಲೆಕ್ಕವೂ ಗೊತ್ತಿರಲಿ. ಸಾಲ ತೆಗೆದ ಹೊಸದರಲ್ಲೇ ಶೇ. 8 ಇದ್ದದ್ದು ಶೇ. 10 ಆಯಿತು ಅನ್ನಿ. 20 ವರ್ಷದಲ್ಲೇ ಮುಗಿಯಬೇಕೆಂದರೆ ಇಎಂಐ ಶೇ. 15ರಷ್ಟು ಏರುತ್ತದೆ. ಇಎಂಐ ಹಾಗೇ ಇರಲಿ ಅಂದರೆ ಸಾಲ ತೀರಲು 56 ವರ್ಷ ಬೇಕು! ನಾನು ಈ ಲೆಕ್ಕವನ್ನು ಎರಡು ಸಲ ಹಾಕಿ ನೋಡಿದೆ, ನಂಬಿಕೆ ಬರಲಿಲ್ಲ. ಕಂತಿನಲ್ಲಿ ಬಹುಪಾಲು ಬಡ್ಡಿಗೇ ಹೋಗಿ, ಅಸಲಿಗೆ ಚಿಲ್ಲರೆ ಉಳಿಯುತ್ತದೆ, ಅಷ್ಟೆ. ತಾಲೀಮಿನ ಕೊನೆಯ ಎರಡು ತಿಂಗಳು ಶೇ. 15 ಹೆಚ್ಚಿಗೆ ಹಾಕಿ ನೋಡಿ.

ಈಗ ಆ "ಎಲ್ಲ"ಕ್ಕೆ ಬರೋಣ. ಡೌನ್ ಪೇಮೆಂಟ್ ಕೊಟ್ಟ ಮೇಲೂ ಖರ್ಚು ನಿಲ್ಲುವುದಿಲ್ಲ. ನೋಂದಣಿ, ವಕೀಲರ ಫೀಸು, ಸಾಲದ ಸಂಸ್ಕರಣಾ ಶುಲ್ಕ, ಸಾಮಾನು ಸಾಗಿಸುವುದು. ಇವು ಹೇಗೂ ನೆನಪಿರುತ್ತವೆ. ನಮ್ಮ ಮನೆಯಲ್ಲಿ ನೆನಪಾಗದೇ ಹೋದದ್ದು ಪರದೆ ಕಂಬಿ. ಏಳು ಕಿಟಕಿ, ಒಂದಕ್ಕೂ ಕಂಬಿ ಇಲ್ಲ. ಖಾತೆ ಖಾಲಿ. ಎರಡು ತಿಂಗಳು ಹಳೆಯ ಬೆಡ್‌ಶೀಟನ್ನು ಮೊಳೆ ಹೊಡೆದು ಕಟ್ಟಿಕೊಂಡಿದ್ದೆವು. ಪರದೆಯಾಗಿದ್ದಕ್ಕೆ ಬಚಾವು. ಅದೇ ಸಮಯಕ್ಕೆ ಕೆಲಸ ಹೋಗಿದ್ದರೆ ಬೆಡ್‌ಶೀಟಿನಿಂದ ಮುಗಿಯುತ್ತಿರಲಿಲ್ಲ.

ಅದಕ್ಕೇ ಕೊಂಡ ಮಾರನೇ ದಿನವೂ ಆರು ತಿಂಗಳ ಮನೆಖರ್ಚು, ಇಎಂಐ ಸೇರಿಸಿ, ಮುಟ್ಟದೆ ಉಳಿದಿರಬೇಕು. ಆದಾಯ ಒಂದೇ ಆಗಿದ್ದರೆ, ಅಥವಾ ಸ್ವಂತ ವ್ಯಾಪಾರವಾಗಿದ್ದರೆ, ಇನ್ನೂ ಜಾಸ್ತಿ. ಗೆಳೆಯರ ಹತ್ತಿರ ಕೈಸಾಲ ಮಾಡಿ ಡೌನ್ ಪೇಮೆಂಟ್ ತುಂಬುವುದಂತೂ ಬೇಡವೇ ಬೇಡ. ಅದಕ್ಕೂ ಕಂತು ಇರುತ್ತದೆ, ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ. ಅದರ ಬಡ್ಡಿ ಮನೆ ಸಾಲದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಕಾಯುವಷ್ಟರಲ್ಲಿ ಬೆಲೆ ಏರಿಬಿಟ್ಟರೆ ಅಂತ ಕೇಳುತ್ತೀರಿ. ಏರಬಹುದು. ಆಗ ಒಂದು ಕೋಣೆ ಕಡಿಮೆ ಇರುವ ಮನೆ ನೋಡಬೇಕಾಗಬಹುದು. ಕಿಟಕಿಯೂ ಒಂದೆರಡು ಕಡಿಮೆ ಇರುತ್ತವೆ.