ಪೀಪಾಯಿಗೆ ಕೊಟ್ಟ ದುಡ್ಡು

ಜೇನಿನ ಬಣ್ಣ, ಕೈಗೆ ಭಾರವೆನಿಸುವ ಬಾಟಲಿ, ಮೇಲೆ 'ಎಕ್ಸ್‌ಟ್ರಾ ಅನ್ಯೇಹೊ' ಅನ್ನುವ ಲೇಬಲ್. ದುಬಾರಿ ಟಕೀಲಾದ, ಅಂದರೆ ಮೆಕ್ಸಿಕೊದ ಆ ಮದ್ಯದ, ಗುರುತುಗಳು ಇವು. ಅದೇ ತಯಾರಕರ ಬಣ್ಣವಿಲ್ಲದ ಟಕೀಲಾಗಿಂತ ಇದರ ಬೆಲೆ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಆ ಹೆಚ್ಚಿನ ದುಡ್ಡು ಹೋಗುವುದು ಯಾವುದಕ್ಕೆ? ಬಹುಪಾಲು ಮರಕ್ಕೆ ಮತ್ತು ಕಾಯುವಿಕೆಗೆ. ಗಿಡಕ್ಕಲ್ಲ.

ಗಿಡದ ಕಥೆ ಮೊದಲು ನೋಡೋಣ. ಟಕೀಲಾ ಆಗುವುದು ನೀಲಿ ಅಗಾವೆಯಿಂದ. ಇದು ಕತ್ತಾಳೆ ಜಾತಿಯ ಗಿಡ. 1974ರಲ್ಲಿ ಟಕೀಲಾ ಎಂಬ ಹೆಸರಿಗೆ ಮೆಕ್ಸಿಕೊದಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಹಲಿಸ್ಕೊ ರಾಜ್ಯದಲ್ಲಿ, ಜೊತೆಗೆ ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಜಾಗಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಗಿಡ ಬಲಿಯಲು ಸಾಮಾನ್ಯವಾಗಿ 6ರಿಂದ 8 ವರ್ಷ ಬೇಕು. ಆಮೇಲೆ ಹಿಮಡೋರ್ ಎಂಬ ಕೆಲಸಗಾರ ಕೋವಾ ಎಂಬ ಚೂಪಾದ ಸಲಕರಣೆಯಿಂದ ಎಲೆಗಳನ್ನು ಸವರಿ, ಹತ್ತಾರು ಕಿಲೋ ತೂಗುವ ನಡುವಿನ ಗಡ್ಡೆಯನ್ನು ಹೊರತೆಗೆಯುತ್ತಾನೆ. ಅದರೊಳಗಿನ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಗಳು ಹಸಿಯಾಗಿದ್ದಾಗ ಯೀಸ್ಟ್‌ಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಬೇಯಿಸಿದಾಗ ಅವು ಒಡೆದು ಫ್ರಕ್ಟೋಸ್ ಸಕ್ಕರೆಯಾಗುತ್ತವೆ. ಹುದುಗಿಸಿ, ಎರಡು ಸಲ ಬಟ್ಟಿ ಇಳಿಸಿದರೆ ಟಕೀಲಾ ರೆಡಿ.

ಇದನ್ನು 'ವಯಸ್ಸಾಗದ' ಟಕೀಲಾ ಅಂತ ಕರೆಯುವುದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ವಿಸ್ಕಿಯ ಬಾರ್ಲಿ ಒಂದೇ ಬೆಳೆಗಾಲದಲ್ಲಿ ಕಟಾವಿಗೆ ಬರುತ್ತದೆ. ಅಗಾವೆ ಅಷ್ಟೊಂದು ವರ್ಷ ಹೊಲದಲ್ಲಿ ನಿಂತಿರುತ್ತದೆ. ಆ ವರ್ಷಗಳು ಲೇಬಲ್ ಮೇಲೆ ಲೆಕ್ಕಕ್ಕೆ ಬರುವುದೇ ಇಲ್ಲ. ಅಲ್ಲಿ ಎಣಿಸುವುದು ಬಟ್ಟಿ ಇಳಿಸಿದ ಮೇಲೆ ಓಕ್ ಮರದ ಪೀಪಾಯಿಯಲ್ಲಿ ಇಟ್ಟ ಕಾಲ ಮಾತ್ರ: ರೆಪೊಸಾಡೊಗೆ ಕನಿಷ್ಠ 2 ತಿಂಗಳು, ಅನ್ಯೇಹೊಗೆ 1 ವರ್ಷ, ಎಕ್ಸ್‌ಟ್ರಾ ಅನ್ಯೇಹೊಗೆ 3 ವರ್ಷ. ಈ ಕೊನೆಯ ದರ್ಜೆ ಅಧಿಕೃತವಾಗಿ ಬಂದಿದ್ದು 2006ರಲ್ಲಿ.

ಪೀಪಾಯಿಯೊಳಗೆ ಆಗುವುದೇನು? ಓಕ್ ಮರವನ್ನು ಸುಟ್ಟಾಗ ಅದರ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ವೆನಿಲಾ ಪರಿಮಳ ಅಲ್ಲಿಂದ ಬರುತ್ತದೆ. ಓಕ್ ಲ್ಯಾಕ್ಟೋನ್‌ಗಳು ತೆಂಗಿನಕಾಯಿಯ ವಾಸನೆ ಕೊಡುತ್ತವೆ, ಯೂಜಿನಾಲ್ ಲವಂಗದ್ದು. ಟ್ಯಾನಿನ್ ಸ್ವಲ್ಪ ಒಗರು ತರುತ್ತದೆ. ಹೆಚ್ಚಿನ ಪೀಪಾಯಿಗಳು ಅಮೆರಿಕದಲ್ಲಿ ಬರ್ಬನ್ ವಿಸ್ಕಿ ತುಂಬಿದ್ದವು. ಬರ್ಬನ್‌ಗೆ ಪ್ರತಿ ಸಲವೂ ಹೊಸದಾಗಿ ಸುಟ್ಟ ಓಕ್ ಬೇಕು ಅನ್ನುತ್ತದೆ ಅಲ್ಲಿನ ಕಾನೂನು. ಹಾಗಾಗಿ ಹಳೆಯವು ಮಾರಾಟಕ್ಕೆ ಸಿಗುತ್ತವೆ. ಇಷ್ಟೆಲ್ಲ ನಡೆಯುವಾಗ ಮರದ ಸಂದಿನಿಂದ ಮದ್ಯ ಆವಿಯಾಗುತ್ತಲೂ ಇರುತ್ತದೆ. ಇದಕ್ಕೆ 'ದೇವತೆಗಳ ಪಾಲು' ಅಂತ ಹೆಸರು. ಬಿಲ್ ಮಾತ್ರ ನಮಗೆ.

ಆದರೆ ಕಾಲ ಹೆಚ್ಚಾದಷ್ಟೂ ಅಗಾವೆಯ ಸೊಪ್ಪಿನಂಥ, ಮೆಣಸಿನಂಥ ವಾಸನೆ ಮರದ ಕೆಳಗೆ ಮುಚ್ಚಿಹೋಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ದುಬಾರಿ ಬಾಟಲಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಗಿಡ ಇನ್ನೂ ಉಳಿದಿದೆಯಾ? ಇಲ್ಲವಾದರೆ ಅದು ಒಳ್ಳೆಯ ಮದ್ಯವೇ ಇರಬಹುದು, ಆದರೆ ಟಕೀಲಾ ಅನ್ನುವ ಕಾರಣಕ್ಕೆ ಅಷ್ಟು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ನೋಡುವುದು ಹೇಗೆ? ಬಾಯಿ ಕಿರಿದಾದ ಗ್ಲಾಸಿಗೆ ಸ್ವಲ್ಪವೇ ಹಾಕಿ, ಕೆಲವು ನಿಮಿಷ ಸುಮ್ನೆ ಬಿಡಿ. ಮೂಗನ್ನು ಒಳಗೆ ತೂರಿಸಿದರೆ ಆಲ್ಕೋಹಾಲ್‌ನ ಚುರುಕು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಅಂಚಿನಿಂದ ದೂರವಿಟ್ಟೇ ಮೂಸಬೇಕು. ಮೊದಲು ಎದ್ದು ಬರುವುದು ವೆನಿಲಾ, ಕ್ಯಾರಮೆಲ್. ಅದು ಮೂಗಿಗೆ ಒಗ್ಗಿದ ಮೇಲೆ ಬೆಂದ ಅಗಾವೆಯ ವಾಸನೆಗಾಗಿ ಹುಡುಕಬೇಕು. ಒಂದು ಗುಟುಕು ಬಾಯಲ್ಲಿ ಹೊರಳಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಅಂದುಕೊಳ್ಳುವುದರ ದೊಡ್ಡ ಪಾಲು ಹೀಗೆ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ. ಗಂಟಲಿನ ಉರಿಯಂತೂ ರುಚಿಯೇ ಅಲ್ಲ. ಬಿಸಿಯನ್ನೂ ಖಾರವನ್ನೂ ಗುರುತಿಸುವ ಟಿಆರ್‌ಪಿವಿ1 ಎಂಬ ನರದ ಸಂವೇದಕವನ್ನು ಆಲ್ಕೋಹಾಲ್ ಕೆಣಕುತ್ತದೆ, ಅಷ್ಟೆ.

ತುಂಬ ನಯವಾಗಿದೆ, ದಪ್ಪಗಿದೆ, ಸಿಹಿಯಾಗಿದೆ ಅಂತ ತಕ್ಷಣ ಮರುಳಾಗಬೇಡಿ. ಕ್ಯಾರಮೆಲ್ ಬಣ್ಣ, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ, ಈ ನಾಲ್ಕನ್ನು ತೂಕದಲ್ಲಿ 1 ಶೇಕಡಾದೊಳಗೆ ಸೇರಿಸಲು ಮೆಕ್ಸಿಕೊದ ನಿಯಮ ಬಿಡುತ್ತದೆ. 1 ಶೇಕಡಾ ಕಡಿಮೆ ಅನಿಸಬಹುದು. ನಾಲಿಗೆಗೆ ಅದು ಸಾಕಷ್ಟು ಜಾಸ್ತಿ.

ನಾಲಿಗೆಗಿಂತ ದೊಡ್ಡ ತೊಂದರೆ ತಲೆಯದ್ದು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರ್, ಇನ್ನೊಮ್ಮೆ 90 ಡಾಲರ್ ಎಂದು ಹೇಳಿ ಜನರಿಗೆ ಕೊಟ್ಟರು. 90 ಅಂದಾಗ ಜನ ಹೆಚ್ಚು ಮೆಚ್ಚಿದರು. ಬರೀ ಬಾಯಿಮಾತಲ್ಲ, ಮಿದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಯಿತು. ಅದೇ ವರ್ಷದ ಇನ್ನೊಂದು ಅಧ್ಯಯನ ಬೆಲೆ ಮುಚ್ಚಿಟ್ಟು ಮಾಡಿದ 6,000ಕ್ಕೂ ಹೆಚ್ಚು ವೈನ್ ಪರೀಕ್ಷೆಗಳನ್ನು ನೋಡಿತು. ಸಾಮಾನ್ಯ ಜನ ದುಬಾರಿ ವೈನನ್ನು ಒಂದು ಕೂದಲೆಳೆ ಕಡಿಮೆಯೇ ಇಷ್ಟಪಟ್ಟಿದ್ದರು! ಎರಡೂ ವೈನಿನ ಲೆಕ್ಕ ನಿಜ. ಆದರೆ ಟಕೀಲಾ ಕುಡಿಯುವವರ ಮಿದುಳು ಬೇರೆ ಥರ ಇರಲಾರದು, ಅಲ್ವಾ?

ಇದಕ್ಕೆ ತ್ರಿಕೋನ ಪರೀಕ್ಷೆ ಅನ್ನುವ ಒಳ್ಳೆಯ ಉಪಾಯವಿದೆ. ಮೂರು ಗ್ಲಾಸ್, ಎರಡರಲ್ಲಿ ಒಂದೇ ಟಕೀಲಾ, ಒಂದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು. ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ, ಹಾಗಾಗಿ ಆಲಿವ್ ಎಣ್ಣೆ ಪರೀಕ್ಷಕರು ಬಳಸುವಂಥ ಕಡುನೀಲಿ ಗ್ಲಾಸ್ ಬೇಕು. ಸುರಿಯುವುದು ಬೇರೊಬ್ಬರ ಕೆಲಸ. ಹನಿಹನಿಯೇ ಸಾಕು, ಬಾಯಲ್ಲಿಟ್ಟು ಉಗಿಯಿರಿ. ಬರೀ ಊಹೆಯಲ್ಲಿ ಒಂದು ಸಲ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು. ಆರು ಸುತ್ತಿನಲ್ಲಿ ಐದು ಅಥವಾ ಆರು ಸಲ ಸರಿ ಹೇಳಿದರೆ, ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ 2 ಶೇಕಡಾಕ್ಕಿಂತ ಕಡಿಮೆ. ವ್ಯತ್ಯಾಸ ಗೊತ್ತಾಯಿತು ಅಂತಾದ ಮೇಲೆ ಯಾವುದು ಹಿಡಿಸಿತು ಅನ್ನುವ ಮಾತು. ಬೆಲೆಯ ಮಾತು ಅದಕ್ಕೂ ಆಮೇಲೆ.

ಯಾವ ಎರಡನ್ನು ಹೋಲಿಸಬೇಕು ಅನ್ನುವುದಕ್ಕೆ ಲೇಬಲ್ಲೇ ಸುಳಿವು ಕೊಡುತ್ತದೆ. ಅದರ ಮೇಲೆ 'ನೋಮ್' ಎಂಬ ಸಂಖ್ಯೆ ಇರುತ್ತದೆ. ಅದು ಬ್ರ್ಯಾಂಡಿನದಲ್ಲ, ತಯಾರಕರದ್ದು. ಒಂದೇ ಭಟ್ಟಿಯಿಂದ ಹಲವು ಬ್ರ್ಯಾಂಡ್‌ಗಳು ಹೊರಬರುವುದುಂಟು. ಸಂಖ್ಯೆ ಒಂದೇ ಆದರೆ ಒಳಗಿರುವುದೂ ಒಂದೇ ಅಂತೇನಿಲ್ಲ, ಪಾಕವಿಧಾನ ಬೇರೆ ಇರಬಹುದು. ಆದರೂ ಒಂದೇ ನೋಮ್, ಒಂದೇ ದರ್ಜೆ, ಬೆಲೆ ಮಾತ್ರ ಮೂರು ಪಟ್ಟು ಅಂತಿದ್ದರೆ, ಮೊದಲು ಕೂರಿಸಬೇಕಾದ ಜೋಡಿ ಅದೇ.