ಬಟ್ಟಲು ತುಂಬ ನೀರಿದ್ದೂ ಬಾಯಾರಿದ ಗೋಸುಂಬೆ

ಜನವರಿಯ ಮೊದಲ ವಾರ, ರಾತ್ರಿ ಒಂಬತ್ತರ ಹೊತ್ತಿಗೆ ತಂಗಿಯ ಮಗ ಅನಿರುದ್ಧ ಫೋನ್ ಮಾಡಿದ. "ದೊಡ್ಡಮ್ಮ, ಪಚ್ಚೆ ಒಂಬತ್ತು ದಿನದಿಂದ ಏನೂ ತಿಂದಿಲ್ಲ. ನೀರನ್ನೂ ಮುಟ್ಟುತ್ತಿಲ್ಲ. ಬಟ್ಟಲು ತುಂಬ ಇಟ್ಟಿದ್ದೇನೆ, ದಿನಾ ಬದಲಾಯಿಸುತ್ತಿದ್ದೇನೆ" ಎಂದ. ದನಿ ನಡುಗುತ್ತಿತ್ತು. ಪಚ್ಚೆ ಎಂದರೆ ಅವನ ಗೋಸುಂಬೆ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಬೆಟ್ಟ ಕಣಿವೆಗಳ ಜಾತಿ, ನೆತ್ತಿಯ ಮೇಲೆ ಎಲುಬಿನ ಎತ್ತರದ ಜುಟ್ಟು ಇರುತ್ತದೆ. ಸಾಕುವವರು ವೇಲ್ಡ್ ಕಮೀಲಿಯನ್ ಎನ್ನುತ್ತಾರೆ. ಊರು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ಅದನ್ನು ಅವನಿಗೆ ಒಪ್ಪಿಸಿ ಎರಡು ತಿಂಗಳಾಗಿತ್ತು.

ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ಮರುದಿನ ಬೆಳಿಗ್ಗೆ ಹತ್ತಕ್ಕೆ ರಾಜಾಜಿನಗರದ ಅವರ ಮನೆ ತಲುಪಿದೆ. ನಡುಮನೆಯ ಮೂಲೆಯಲ್ಲಿ ಹಳೆಯ ಮೀನಿನ ತೊಟ್ಟಿ, ಪಕ್ಕದಲ್ಲೇ ಟಿವಿ. ತೊಟ್ಟಿಯೊಳಗೆ ಒಂದು ಒಣ ಕೊಂಬೆ, ಪ್ಲಾಸ್ಟಿಕ್ ಬಳ್ಳಿ, ಸ್ಟೀಲ್ ಬಟ್ಟಲಿನಲ್ಲಿ ತಿಳಿನೀರು. ಆ ನೀರಿನಿಂದ ಒಂದು ಗೇಣು ಮೇಲೆ ಪಚ್ಚೆ ಕೊಂಬೆಯನ್ನು ಅಪ್ಪಿಕೊಂಡು ಕುಳಿತಿತ್ತು. ಹೆಸರಿಗೆ ತಕ್ಕ ಹಸಿರು ಮೈಮೇಲೆ ಎಲ್ಲೂ ಇರಲಿಲ್ಲ, ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಣ್ಣು ಮುಚ್ಚಿತ್ತು. ನನಗೆ ಹೆದರಿಕೆಯಾದದ್ದು ಅದನ್ನು ನೋಡಿ. ಗೋಸುಂಬೆ ಹಗಲಿನ ಪ್ರಾಣಿ. ಒಂದು ಕಣ್ಣು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿಸುತ್ತಾ ಬೆಳಗಿನಿಂದ ಸಂಜೆಯವರೆಗೆ ಸುತ್ತಲನ್ನು ಕಾಯುತ್ತಿರುತ್ತದೆ. ಹಗಲು ಹತ್ತಕ್ಕೆ ಅದು ಕಣ್ಣು ಮುಚ್ಚಿದೆ ಎಂದರೆ ನಿದ್ದೆ ಎಂದು ಸಮಾಧಾನ ಪಡಬಾರದು, ಕಾಯಿಲೆ ಎಂದೇ ತಿಳಿಯಬೇಕು.

ತೊಟ್ಟಿಯ ತಳದಲ್ಲಿ ಹಳೆಯ ಹಿಕ್ಕೆ ಬಿದ್ದಿತ್ತು. ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕಿ ಇರುವುದನ್ನು ನಾವೆಲ್ಲ ಗೋಡೆಯ ಮೇಲೆ ಕಂಡಿದ್ದೇವೆ. ಅದು ಯೂರಿಕ್ ಆಮ್ಲ. ನಮ್ಮಂತೆ ನೀರು ನೀರಾಗಿ ಉಚ್ಚೆ ಹೊಯ್ಯದೆ, ನೀರನ್ನು ಮೈಯಲ್ಲೇ ಉಳಿಸಿಕೊಂಡು ಕಶ್ಮಲವನ್ನು ಬಿಳಿ ಹಿಟ್ಟಿನಂತೆ ಹೊರಹಾಕುವುದು ಈ ಪ್ರಾಣಿಗಳ ಉಪಾಯ. ಪಚ್ಚೆಯ ಹಿಕ್ಕೆಯಲ್ಲಿ ಆ ಬಿಳಿ ಭಾಗ ಗಾಢ ಕಿತ್ತಳೆಯಾಗಿ, ಮರಳಿನಂತೆ ಗಟ್ಟಿಯಾಗಿತ್ತು. ಕಣ್ಣಿನ ಗೋಪುರಗಳೂ ಒಳಕ್ಕೆ ಕುಸಿದಿದ್ದವು. ಅನ್ನಕ್ಕಿಂತ ಮೊದಲು ಅದಕ್ಕೆ ನೀರು ಬೇಕಾಗಿತ್ತು.

"ಹಟ ಮಾಡುತ್ತಿದೆ ಅನ್ನಿಸುತ್ತದೆ ಅಕ್ಕ" ಎಂದಳು ತಂಗಿ. ಇಲ್ಲ. ಒಂಬತ್ತು ದಿನದಿಂದ ಬಟ್ಟಲಿನ ಮೇಲೇ ಕುಳಿತಿದ್ದರೂ ಪಚ್ಚೆಗೆ ಅಲ್ಲಿ ನೀರು ಇದೆ ಎಂದೇ ಗೊತ್ತಾಗಿರಲಿಲ್ಲ. ಮರದ ಮೇಲೆ ಬದುಕುವ ಗೋಸುಂಬೆಗೆ ಕೆರೆ, ಕುಂಟೆ, ಬಟ್ಟಲು ಯಾವುದೂ ಪರಿಚಯವಿಲ್ಲ. ಇಬ್ಬನಿ, ಮಂಜು, ಮಳೆ ಎಲೆಯ ಮೇಲೆ ಬಿಟ್ಟುಹೋದ ಹನಿಯೇ ಅದರ ನೀರು. ಹೊಳೆಯಬೇಕು, ಅಲುಗಬೇಕು, ತೊಟ್ಟಿಕ್ಕಬೇಕು. ಆಗ ಮಾತ್ರ ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳುತ್ತದೆ. ನಿಂತ ನೀರಿನ ಪಕ್ಕದಲ್ಲೇ ಬಾಯಾರಿ ಸಾಯುವ ಸಾಕು ಗೋಸುಂಬೆಗಳ ಕಥೆಗೆ ಇದೇ ಕಾರಣ.

ಬಾಲ್ಕನಿಯಲ್ಲಿದ್ದ ದಾಸವಾಳದ ಕುಂಡವನ್ನು ಬಚ್ಚಲುಮನೆಗೆ ಹೊತ್ತು ತಂದೆವು. ಔಷಧಿ ಸಿಂಪಡಿಸದ ಗಿಡವೆಂದು ಮೊದಲೇ ಕೇಳಿ ಖಾತ್ರಿ ಮಾಡಿಕೊಂಡೆ. ಪಚ್ಚೆಯನ್ನು ಹಿಡಿದು ಎತ್ತಲಿಲ್ಲ. ಕೊಂಬೆಯ ಸಮೇತ ತಂದು ಗಿಡಕ್ಕೆ ತಾಗಿಸಿದಾಗ ಅದೇ ನಿಧಾನವಾಗಿ ದಾಟಿತು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಮುಖಕ್ಕೆ ಹೊಡೆಯದೆ ಮೇಲಿನ ಎಲೆಗಳಿಗೆ ಮಂಜಿನಂತೆ ಹಾಯಿಸಿ, ಬಾಗಿಲನ್ನು ಓರೆ ಮಾಡಿ ಹೊರಗೆ ನಿಂತೆವು. ಎದುರಿಗೆ ಮನುಷ್ಯರಿದ್ದರೆ ಅಂಜುವ ಗೋಸುಂಬೆ ಕುಡಿಯುವುದಿಲ್ಲ.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ಕಣ್ಣು ತೆರೆಯಿತು. ಅದರ ಮೂತಿಯಿಂದ ಎರಡು ಬೆರಳು ದೂರದಲ್ಲಿ ದಾಸವಾಳದ ಎಲೆಯ ಚೂಪು ತುದಿಯಿಂದ ಹನಿಯೊಂದು ಜೋತುಬಿದ್ದಿತ್ತು. ಅದರೊಳಗೆ ಬಚ್ಚಲಿನ ಗವಾಕ್ಷಿ ತಲೆಕೆಳಗಾಗಿ ನಡುಗುತ್ತಿತ್ತು. ಕಣ್ಣು ಆ ಹನಿಯ ಮೇಲೆ ನಿಂತಿತು, ಇನ್ನೊಂದು ಕಣ್ಣೂ ತೆರೆದು ಅಲ್ಲಿಗೇ ಬಂದಿತು. ಪಚ್ಚೆ ಕುತ್ತಿಗೆ ಚಾಚಿ ತುಟಿಯ ಅಂಚನ್ನು ಹನಿಗೆ ತಾಗಿಸಿತು. ಹನಿ ಮಾಯವಾಯಿತು. ಗಂಟಲಿನ ಚೀಲ ಒಮ್ಮೆ ಉಬ್ಬಿ ಇಳಿಯಿತು. ಮತ್ತೊಂದು ಹನಿ. ಇಪ್ಪತ್ತು ನಿಮಿಷ ಅದು ಎಲೆಯಿಂದ ಎಲೆಗೆ ಬಾಯಿ ಹಚ್ಚುತ್ತಾ ಕುಡಿಯುತ್ತಲೇ ಇತ್ತು. ಅನಿರುದ್ಧ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಇಂಥ ಹೊತ್ತಿನಲ್ಲಿ ಅನೇಕರು ಬಾಯಿ ಬಿಡಿಸಿ ನೀರು ಹುಯ್ಯಲು ಹೋಗುತ್ತಾರೆ. ದಯವಿಟ್ಟು ಬೇಡ. ಗೋಸುಂಬೆಯ ಶ್ವಾಸನಾಳದ ಬಾಯಿ ಬಾಯೊಳಗೇ ತೆರೆದುಕೊಂಡಿರುತ್ತದೆ; ತಪ್ಪಿದ ಒಂದು ತೊಟ್ಟು ನೇರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಕುಡಿಯಲೂ ಶಕ್ತಿಯಿಲ್ಲದಷ್ಟು ಬಳಲಿದ್ದರೆ ಚರ್ಮದಡಿ ದ್ರವ ಕೊಡಬಲ್ಲ ವೈದ್ಯರಲ್ಲಿಗೆ ಅಂದೇ ಒಯ್ಯಬೇಕು.

ಇನ್ನು ಹಸಿವಿನ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಜನವರಿಯ ಇರುಳು 15-16 ಡಿಗ್ರಿಗೆ ಇಳಿಯುವುದು ಮಾಮೂಲು. ಇರುಳಿನ ಆ ತಂಪು ಈ ಜಾತಿಯ ದೊಡ್ಡ ಗೋಸುಂಬೆಗೆ ತೊಂದರೆಯಲ್ಲ. ಆದರೆ ಬೆಳಗಾದ ಮೇಲೆ ಮೈ ಕಾಯಿಸಿಕೊಳ್ಳಲು ಜಾಗ ಬೇಕು. ಬಿಸಿಲು ಬಾರದ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಅದು ಹಗಲೂ ಇಪ್ಪತ್ತೊಂದು ಡಿಗ್ರಿಯಲ್ಲೇ ಕುಳಿತಿತ್ತು. ಇಲ್ಲಿ ಒಂದು ಸೋಜಿಗದ ಸಂಗತಿ ಇದೆ. ಗೋಸುಂಬೆಯ ನಾಲಿಗೆ ಬರಿಯ ಸ್ನಾಯುಬಲದಿಂದ ಚಿಮ್ಮುವುದಿಲ್ಲ. ಒಳಗಿನ ನಾರಿನ ಪದರಗಳು ಬಿಲ್ಲಿನ ಹೆದೆಯಂತೆ ಮೊದಲೇ ಬಿಗಿದುಕೊಂಡು, ಬಿಟ್ಟ ಕೂಡಲೇ ಅದನ್ನು ತಳ್ಳುತ್ತವೆ. ಹಾಗಾಗಿ 15 ಡಿಗ್ರಿ ಚಳಿಯಲ್ಲೂ ಚಿಮ್ಮುವ ವೇಗ ಹೆಚ್ಚು ಕುಂದುವುದಿಲ್ಲ, ಸ್ನಾಯುವನ್ನೇ ನಂಬಿದ ಹಿಂದಕ್ಕೆಳೆಯುವ ಕೆಲಸ ಮಾತ್ರ ಬಹಳ ನಿಧಾನವಾಗುತ್ತದೆ ಎಂದು ಅಮೆರಿಕದ ಇಬ್ಬರು ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ನಾಲಿಗೆಗೆ ಈ ಸವಲತ್ತು ಇದೆ, ಹೊಟ್ಟೆಗೆ ಇಲ್ಲ. ಮೈ ಬೆಚ್ಚಗಾಗದೆ ಜೀರ್ಣರಸಗಳು ಸರಿಯಾಗಿ ಕೆಲಸ ಮಾಡವು, ತಿಂದದ್ದು ಕರಗದೆ ಉಳಿಯುತ್ತದೆ. ಒಣಗಿದ, ತಣ್ಣಗಿನ ಮೈಗೆ ಹುಳ ತುರುಕಿದರೆ ಹಾನಿಯೇ ಹೆಚ್ಚು. ಮೊದಲು ನೀರು, ಆಮೇಲೆ ಬಿಸಿ, ಕೊನೆಗೆ ಊಟ. ಈ ಕ್ರಮ ತಪ್ಪಬಾರದು.

"ಕಿಟಕಿಯ ಹತ್ತಿರ ಇಟ್ಟರೆ ಬಿಸಿಲು ಸಿಗುತ್ತಿತ್ತಲ್ಲವೇ?" ಎಂದ ಅನಿರುದ್ಧ. ಬೆಳಕು ಸಿಗುತ್ತಿತ್ತು, ಆದರೆ ಅದಕ್ಕೆ ಬೇಕಾದ ಅತಿನೇರಳೆ-ಬಿ (ಯುವಿಬಿ) ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಆ ಕಿರಣ ಚರ್ಮಕ್ಕೆ ತಾಗಿದರೆ ಡಿ3 ವಿಟಮಿನ್ ತಯಾರಾಗುತ್ತದೆ, ಡಿ3 ಇದ್ದರೆ ಕರುಳು ಕ್ಯಾಲ್ಸಿಯಂ ಹೀರುತ್ತದೆ. ಮೇವಿಗೆಂದು ಅಂಗಡಿಯಿಂದ ತರುವ ಜೀರುಂಡೆಯಲ್ಲಿ (ಕ್ರಿಕೆಟ್ ಹುಳುವಿನಲ್ಲಿ) ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಅದಕ್ಕೇ ಹುಳುವಿಗೆ ಕ್ಯಾಲ್ಸಿಯಂ ಪುಡಿ ಹೊರಳಿಸಿ ಕೊಡುವುದು. ಕೊರತೆ ಮುಂದುವರಿದರೆ ಎಲುಬು ಮೆತ್ತಗಾಗಿ ಕಾಲು ಬಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ. ಆ ಪ್ರಾಣಿ ಹುಳುವನ್ನು ನೋಡುತ್ತದೆ, ಗುರಿ ಹಿಡಿಯುತ್ತದೆ, ಬಾಯಿ ತೆರೆಯುತ್ತದೆ, ಮುಚ್ಚಿಕೊಳ್ಳುತ್ತದೆ. ನೋಡಿದವರು "ತಿನ್ನಲು ಮನಸ್ಸಿಲ್ಲ" ಎನ್ನುತ್ತಾರೆ. ತಿನ್ನಲು ಆಗದ ಜೀವಕ್ಕೆ ಈ ಮಾತು ಅನ್ಯಾಯ. ಪಚ್ಚೆಯ ದವಡೆ ಗಟ್ಟಿಯಾಗಿತ್ತು, ಕಾಲುಗಳು ನೆಟ್ಟಗಿದ್ದವು. ಇನ್ನೂ ಸಮಯವಿತ್ತು.

ಹಿಂಗಾಲಿನ ಹಿಮ್ಮಡಿಯನ್ನೂ ನೋಡಿದೆ. ಈ ಜಾತಿಯ ಗಂಡಿಗೆ ಹುಟ್ಟಿನಿಂದಲೇ ಅಲ್ಲಿ ಸಣ್ಣ ಗುಬುಟು ಇರುತ್ತದೆ, ಪಚ್ಚೆಗೆ ಇತ್ತು. ಹೆಣ್ಣಾಗಿದ್ದರೆ ಬೇರೆಯೇ ಪ್ರಶ್ನೆ ಕೇಳಬೇಕಿತ್ತು. ಗಂಡಿನ ಸಹವಾಸವಿಲ್ಲದೆಯೂ ಹೆಣ್ಣು ಮೊಟ್ಟೆ ತುಂಬಿಕೊಳ್ಳುತ್ತದೆ, ಇಡುವ ಮುನ್ನ ಊಟ ಬಿಡುತ್ತದೆ. ಅಗೆಯಲು ಒಂದಡಿ ಆಳದ ಹಸಿ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಕಟ್ಟಿಕೊಂಡು ಜೀವಕ್ಕೇ ಎರವಾಗಬಹುದು.

ಗಾಜಿನ ತೊಟ್ಟಿಯಲ್ಲಿ ಮತ್ತೊಂದು ಕೇಡಿತ್ತು. ಸಂಜೆ ದೀಪ ಹಾಕಿದಾಗ ಒಳಗೋಡೆಯ ಮೇಲೆ ಪಚ್ಚೆಯದೇ ಬಿಂಬ ಮೂಡುತ್ತಿತ್ತು. ಒಂಟಿಯಾಗಿ ಬಾಳುವ ಪ್ರಾಣಿಗೆ ಅದು ಗಡಿಯೊಳಗೆ ನುಗ್ಗಿ ನಿಂತ ವೈರಿ. ಗೋಸುಂಬೆ ಕೂತ ಜಾಗಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂದು ನಾವು ನಂಬಿದ್ದೇವೆ, ಮಾತು ತಪ್ಪುವವರನ್ನೆಲ್ಲ ಊಸರವಳ್ಳಿ ಎಂದು ಬೈಯುತ್ತೇವೆ. ಅದರ ಬಣ್ಣ ಮುಖ್ಯವಾಗಿ ಒಳಗಿನ ಸ್ಥಿತಿಯನ್ನು ಹೇಳುತ್ತದೆ: ಸಿಟ್ಟು, ಅಂಜಿಕೆ, ಚಳಿ, ಸಂಗಾತಿಯ ಆಸೆ. ಚರ್ಮದ ಕೋಶಗಳಲ್ಲಿರುವ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರ ಹಿಗ್ಗಿ ಕುಗ್ಗಿದಂತೆ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಮಡಗಾಸ್ಕರಿನ ಗೋಸುಂಬೆಯಲ್ಲಿ ಕಂಡುಕೊಂಡಿತು. ನನಗಂತೂ ಅದಕ್ಕಿಂತ ಪ್ರಾಮಾಣಿಕ ಪ್ರಾಣಿ ಇನ್ನೊಂದು ಕಾಣೆ. ಪಚ್ಚೆ ಒಂಬತ್ತು ದಿನ ತನ್ನ ಸಂಕಟವನ್ನು ಮೈತುಂಬ ಬರೆದುಕೊಂಡು ಕುಳಿತಿತ್ತು.

ಅಂದೇ ಬಡಗಿಯನ್ನು ಕರೆಸಿ ಎರಡಡಿ ಅಗಲ, ಎರಡಡಿ ಉದ್ದ, ನಾಲ್ಕಡಿ ಎತ್ತರದ ಚೌಕಟ್ಟು ಮಾಡಿಸಿ ನಾಲ್ಕೂ ಕಡೆ ಜಾಲರಿ ಬಿಗಿಸಿದೆವು. ಒಳಗೆ ದಾಸವಾಳದ ಕುಂಡ, ಅಡ್ಡಕ್ಕೆ ಬೆರಳು ದಪ್ಪದ ಕೊಂಬೆಗಳು. ಮೇಲೆ ಒಂದು ಬಿಸಿ ಬಲ್ಬು, ಒಂದು ಯುವಿಬಿ ಟ್ಯೂಬ್, ಎರಡೂ ಜಾಲರಿಯ ಹೊರಗೆ. ಮೇಲಿನ ಕೊಂಬೆಯಲ್ಲಿ 30 ಡಿಗ್ರಿ, ಕೆಳಗೆ ತಂಪು. ರಾತ್ರಿ ಎಲ್ಲ ದೀಪವೂ ಆರಬೇಕು. ಯುವಿಬಿ ಟ್ಯೂಬ್ ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಅದರ ಕಿರಣ ತಿಂಗಳುಗಳು ಕಳೆದಂತೆ ಕ್ಷೀಣಿಸುತ್ತದೆ, ಬದಲಾಯಿಸುವ ದಿನವನ್ನು ಅದರ ಮೇಲೇ ಬರೆದಿಡುವುದು ಒಳ್ಳೆಯದು. ಬೆಳಿಗ್ಗೆ, ಸಂಜೆ ನೀರು ಸಿಂಪಡಿಸಿ, ನಡುವೆ ಎಲೆ ಒಣಗಲು ಬಿಡಬೇಕು. ಕೊಳವೆಬಾವಿಯ ಗಡಸು ನೀರು ಎಲೆಯ ಮೇಲೆ ಬಿಳಿ ಕಲೆ ಉಳಿಸುತ್ತದೆ, ಸೋಸಿದ ನೀರು ವಾಸಿ.

ಅಡುಗೆಮನೆಯ ತಕ್ಕಡಿಯಲ್ಲಿ ಪಚ್ಚೆ 97 ಗ್ರಾಂ ಇತ್ತು. ಹಳೆಯ ಯಜಮಾನರ ಪುಸ್ತಕದಲ್ಲಿ 118 ಎಂದು ಬರೆದಿತ್ತು. ಬೆಳೆದ ಗೋಸುಂಬೆ ನಾಲ್ಕಾರು ದಿನ ತಿನ್ನದಿದ್ದರೆ, ಪೊರೆ ಬಿಡುವಾಗ ಊಟ ತಗ್ಗಿಸಿದರೆ ಗಾಬರಿ ಬೇಡ. ಮರಿ ಎರಡು ದಿನ ತಿನ್ನದಿದ್ದರೂ ಕಳವಳಪಡಬೇಕು. ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ಮನೆಮದ್ದು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಪಚ್ಚೆಯ ವಿಷಯದಲ್ಲಿ ಆ ಗೆರೆ ಎಂದೋ ದಾಟಿತ್ತು. ಮರುದಿನವೇ ಸರೀಸೃಪಗಳನ್ನು ನೋಡುವ ವೈದ್ಯರಲ್ಲಿಗೆ ಹೋದೆವು.

ದಾಖಲೆಯ ಮಾತನ್ನೂ ಇಲ್ಲೇ ಹೇಳಬೇಕು. ಈ ವಿದೇಶಿ ಜಾತಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ. 2024ರ ನಿಯಮಗಳ ಪ್ರಕಾರ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು, ಕೈ ಬದಲಾದರೂ ತಿಳಿಸಬೇಕು. ನಮ್ಮ ನಾಡಿನ ಗೋಸುಂಬೆಯ ಮಾತೇ ಬೇರೆ. ಭಾರತದಲ್ಲಿರುವುದು ಅದೊಂದೇ ಜಾತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಬೇಲಿಗೂಟದ ಮೇಲೆ ತಲೆ ಆಡಿಸುವ ಓತಿಕ್ಯಾತವನ್ನೇ ಗೋಸುಂಬೆ ಎಂದು ತಿಳಿಯುವವರೂ ಇದ್ದಾರೆ, ಎರಡೂ ಬೇರೆ ಬೇರೆ. ನಿಜವಾದ ಗೋಸುಂಬೆ ವಿಷಜಂತು ಎಂದು ಹಳ್ಳಿಗಳಲ್ಲಿ ಕಲ್ಲು ಹೊಡೆದು ಕೊಲ್ಲುವುದನ್ನು ಕಂಡು ನಾನು ಅತ್ತಿದ್ದೇನೆ. ಅದಕ್ಕೆ ವಿಷವಿಲ್ಲ. ರಸ್ತೆ ದಾಟುತ್ತಿದ್ದರೆ ಒಂದು ಕೋಲಿಗೆ ಹತ್ತಿಸಿ ಅದು ಹೊರಟಿದ್ದ ದಿಕ್ಕಿನ ಪೊದೆಗೆ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ವೈದ್ಯರು ಚರ್ಮದಡಿ ದ್ರವ ಕೊಟ್ಟು ಹಿಕ್ಕೆ ಪರೀಕ್ಷೆಗೆ ಕಳಿಸಿದರು. ಜಂತುಹುಳದ ಮೊಟ್ಟೆಗಳು ಸಿಕ್ಕವು. ಆದರೂ ಔಷಧಿ ತಡೆಹಿಡಿದರು; ನೀರಿಲ್ಲದ ಮೈಗೆ ಔಷಧಿ ಬಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು, ಹಿಕ್ಕೆಯ ತುದಿ ಮತ್ತೆ ಬೆಳ್ಳಗಾಗಲಿ ಎಂದರು. ಐದನೆಯ ದಿನ ಬೆಳ್ಳಗಾಯಿತು.

ಏಳನೆಯ ದಿನ ಮಧ್ಯಾಹ್ನ ನಾನು ಅಲ್ಲಿದ್ದೆ. ಎರಡು ದಿನ ಕ್ಯಾರೆಟ್, ನುಗ್ಗೆಸೊಪ್ಪು ತಿನ್ನಿಸಿದ ಜೀರುಂಡೆಯೊಂದನ್ನು ಅನಿರುದ್ಧ ಕೊಂಬೆಯ ಮೇಲೆ ಬಿಟ್ಟು ಹಿಂದೆ ಸರಿದ. ಪಚ್ಚೆಯ ಎರಡೂ ಕಣ್ಣು ಅದರ ಮೇಲೆ ಕೂಡಿದವು. ಬಾಯಿ ಸ್ವಲ್ಪ ತೆರೆಯಿತು, ಗುಲಾಬಿ ಬಣ್ಣದ ದುಂಡು ತುದಿ ಇಣುಕಿತು. ಮನುಷ್ಯರ ಎಂಜಲಿಗಿಂತ ಸುಮಾರು 400 ಪಟ್ಟು ಮಂದವಾದ ಲೋಳೆ ಆ ತುದಿಯಲ್ಲಿರುತ್ತದೆ. ಕ್ಷಣ ಹಾಗೇ ತಡೆಯಿತು. ಟಪ್ ಎಂಬ ಸದ್ದು ಕೇಳಿದ ಮೇಲೆಯೇ ಕೊಂಬೆ ಖಾಲಿಯಾದದ್ದು ನಮಗೆ ಕಂಡದ್ದು. ಪಚ್ಚೆ ಕಟಕಟ ಅಗಿಯುತ್ತಿತ್ತು, ಪಕ್ಕೆಯ ಮೇಲೆ ಹಸಿರು ಪಟ್ಟೆಯೊಂದು ತಿಳಿಯಾಗಿ ಮೂಡಿತ್ತು. ಅನಿರುದ್ಧ ಪುಸ್ತಕ ತೆರೆದು ಬರೆದ: ಒಂದು ಜೀರುಂಡೆ, 103 ಗ್ರಾಂ, ಹುಳದ ಔಷಧಿ ಸೋಮವಾರದಿಂದ.